ಸರ್ವರ್ ಅಪ್‌ಗ್ರೇಡ್ ಆದಮೇಲೆ ಡೊಮೈನ್ ಸೆಟ್ಟಿಂಗ್ ಬದಲಾಗಿದೆಯಾ? ಹೀಗೆ ಹುಡುಕಿ

ಅಪ್‌ಗ್ರೇಡ್ ಮುಗಿಯಿತು, ರೀಬೂಟ್ ಆಯಿತು, ಲಾಗಿನ್ ಆಗುತ್ತಿದೆ, ವೆಬ್‌ಸೈಟ್ ತೆರೆಯುತ್ತಿದೆ. ಸದ್ಯ ಬಚಾವ್ ಅಂದುಕೊಂಡು ಮಲಗುತ್ತೀರಿ. ಬೆಳಗ್ಗೆ ಎದ್ದು ನೋಡಿದರೆ ರಾತ್ರಿಯ ಬ್ಯಾಕಪ್ ಆಗಿಲ್ಲ. ಲಾಗ್‌ನಲ್ಲಿ ಒಂದೇ ಸಾಲು: ‘ಡಿಬಿ1’ ಎಂಬ ಹೆಸರು ಸಿಗುತ್ತಿಲ್ಲ. ‘ಡಿಬಿ1.ಎಕ್ಸಾಂಪಲ್.ಕಾಮ್’ ಅಂತ ಪೂರ್ತಿ ಹೆಸರು ಕೊಟ್ಟು ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಬರೀ ‘ಡಿಬಿ1’ ಅಂದರೆ ಇಲ್ಲ. ನಿನ್ನೆಯವರೆಗೆ ಎರಡೂ ನಡೆಯುತ್ತಿದ್ದವು.

ಇದು ನನಗೇ ಆದದ್ದು. ಉಬುಂಟು 20.04 ರಿಂದ 22.04ಕ್ಕೆ ಏರಿಸಿದ ಮರುದಿನ. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ರಿಸಾಲ್ವ್.ಕಾನ್ಫ್ (ಹೆಸರುಗಳನ್ನು ಎಲ್ಲಿ, ಹೇಗೆ ಹುಡುಕಬೇಕು ಅಂತ ಹೇಳುವ ಫೈಲ್) ತೆರೆದು, ‘ಸರ್ಚ್ ಎಕ್ಸಾಂಪಲ್.ಕಾಮ್’ ಅಂತ ಒಂದು ಸಾಲು ಬರೆದು ಉಳಿಸಿದೆ. ಸರಿಹೋಯಿತು. ಕರ್ನಲ್ ಅಪ್‌ಡೇಟ್‌ಗೆಂದು ಸಂಜೆ ರೀಬೂಟ್ ಮಾಡಿದೆ. ನಾನು ಬರೆದ ಸಾಲು ಮಾಯ, ತೊಂದರೆ ವಾಪಸ್.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇಂಥ ದೋಷದಲ್ಲಿ ‘ಸೆಟ್ಟಿಂಗ್ ಏನಾಯಿತು’ ಅಂತ ಹುಡುಕಬೇಡಿ. ‘ಈ ಸೆಟ್ಟಿಂಗ್ ಇಷ್ಟು ದಿನ ಎಲ್ಲಿಂದ ಬರುತ್ತಿತ್ತು, ಈಗ ಯಾರು ಬರೆಯುತ್ತಿದ್ದಾರೆ’ ಅಂತ ಹುಡುಕಿ. ಅಪ್‌ಗ್ರೇಡ್ ನಿಮ್ಮ ಫೈಲನ್ನು ಅಳಿಸಿರುವುದು ಕಡಿಮೆ. ಹೆಚ್ಚಿನ ಸಲ ಫೈಲ್ ಇದ್ದಲ್ಲೇ ಇರುತ್ತದೆ, ಅದನ್ನು ಓದುವ ಪ್ರೋಗ್ರಾಂ ಹೋಗಿರುತ್ತದೆ. ಇಲ್ಲಾಂದರೆ, ನನ್ನ ಹಾಗೆ, ಆ ಸೆಟ್ಟಿಂಗನ್ನು ಯಾರೂ ಎಲ್ಲೂ ಬರೆದೇ ಇರುವುದಿಲ್ಲ.

(ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು, ಗೊತ್ತಲ್ವಾ.)

ಮೊದಲು: ನಿಜವಾಗಿ ಕೆಟ್ಟಿರುವುದು ಯಾವುದು?

‘ಡೊಮೈನ್ ಹೋಯಿತು’ ಅನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು, ಸರ್ವರಿನ ಸ್ವಂತ ಪೂರ್ಣ ಹೆಸರು. ‘ಹೋಸ್ಟ್‌ನೇಮ್ -ಎಫ್’ ಕೊಟ್ಟರೆ ಬರುವುದು ಅದು. ಎರಡು, ಸರ್ಚ್ ಡೊಮೈನ್. ಚಿಕ್ಕ ಹೆಸರು ಕೊಟ್ಟಾಗ ಅದರ ಬಾಲಕ್ಕೆ ಸೇರಿಸುವ ಭಾಗ. ಮೂರು, ಆಕ್ಟಿವ್ ಡೈರೆಕ್ಟರಿ ಅಥವಾ ಕರ್ಬೆರೋಸ್ ಡೊಮೈನ್, ಅಂದರೆ ಸರ್ವರ್ ಸದಸ್ಯನಾಗಿ ಸೇರಿರುವ ಗುಂಪು. ಮೂರಕ್ಕೂ ಒಂದೇ ಹೆಸರಿರುವುದರಿಂದ ಗೊಂದಲ ಆಗುತ್ತದೆ. ಆದರೆ ಮೂರೂ ಬೇರೆ ಬೇರೆ ಜಾಗದಲ್ಲಿರುತ್ತವೆ, ಒಂದು ಕೆಟ್ಟರೂ ಉಳಿದೆರಡು ಆರಾಮಾಗಿರಬಹುದು.

ಬೇರ್ಪಡಿಸಲು ನಾನು ಬಳಸುವುದು ಎರಡು ಕಮಾಂಡ್. ‘ಗೆಟೆಂಟ್ ಹೋಸ್ಟ್ಸ್ ಡಿಬಿ1’ ಮತ್ತು ‘ಡಿಗ್ ಡಿಬಿ1.ಎಕ್ಸಾಂಪಲ್.ಕಾಮ್’. ಗೆಟೆಂಟ್ ನಿಮ್ಮ ಅಪ್ಲಿಕೇಶನ್ ಹೋಗುವ ದಾರಿಯಲ್ಲೇ ಹೋಗುತ್ತದೆ: ಎನ್‌ಎಸ್‌ಸ್ವಿಚ್.ಕಾನ್ಫ್ (ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವ ಫೈಲ್) ನೋಡಿ, ಹೋಸ್ಟ್ಸ್ ಫೈಲ್ (ಯಂತ್ರದೊಳಗಿನ ಹೆಸರು-ಐಪಿ ಪಟ್ಟಿ) ನೋಡಿ, ಆಮೇಲೆ ಹೆಸರಿಗೆ ಐಪಿ ವಿಳಾಸ ಹೇಳುವ ಡಿಎನ್‌ಎಸ್‌ಗೆ. ಡಿಗ್ ಹಾಗಲ್ಲ. ಅದು ಹೋಸ್ಟ್ಸ್ ಫೈಲನ್ನಾಗಲೀ ಎನ್‌ಎಸ್‌ಸ್ವಿಚ್ಚನ್ನಾಗಲೀ ನೋಡುವುದಿಲ್ಲ, ನೀವು ಹೇಳದ ಹೊರತು ಸರ್ಚ್ ಡೊಮೈನನ್ನೂ ಸೇರಿಸುವುದಿಲ್ಲ. ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ‘ಡಿಗ್‌ನಲ್ಲಿ ಬರುತ್ತಿದೆ, ಆದರೆ ಅಪ್ಲಿಕೇಶನ್‌ಗೆ ಸಿಗುತ್ತಿಲ್ಲ’ ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲೇ ಇದೆ. ಡಿಗ್‌ಗೆ ಪೂರ್ತಿ ಹೆಸರು ಸಿಕ್ಕರೆ ಡಿಎನ್‌ಎಸ್ ಸರ್ವರ್ ಬದುಕಿದೆ ಅಂತ ಅರ್ಥ, ಅಷ್ಟೇ. ಗೆಟೆಂಟ್‌ಗೆ ಪೂರ್ತಿ ಹೆಸರು ಸಿಕ್ಕು ಚಿಕ್ಕದು ಸಿಗದಿದ್ದರೆ ಸರ್ಚ್ ಡೊಮೈನ್ ಹೋಗಿದೆ. ಪೂರ್ತಿ ಹೆಸರೂ ಡಿಗ್‌ಗೆ ಮಾತ್ರ ಸಿಕ್ಕು ಗೆಟೆಂಟ್‌ಗೆ ಸಿಗದಿದ್ದರೆ ಎನ್‌ಎಸ್‌ಸ್ವಿಚ್ ಕಡೆ ನೋಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ರಿಸಾಲ್ವ್.ಕಾನ್ಫ್ ಯಾರ ಕೈಯಲ್ಲಿದೆ?

ಫೈಲ್ ತೆರೆಯುವ ಮೊದಲು ‘ಎಲ್‌ಎಸ್ -ಎಲ್’ ಕೊಟ್ಟು ನೋಡಿ. ಅದು ಫೈಲಾ, ಲಿಂಕಾ? ಲಿಂಕ್ ಆಗಿದ್ದರೆ ಎಲ್ಲಿಗೆ ಹೋಗುತ್ತಿದೆ? ಈ ಒಂದು ಸಾಲಿನಲ್ಲೇ ಅರ್ಧ ಕಥೆ ಇರುತ್ತದೆ.

‘ಸ್ಟಬ್-ರಿಸಾಲ್ವ್.ಕಾನ್ಫ್’ ಕಡೆಗೆ ಲಿಂಕ್ ಇದ್ದರೆ ಸಿಸ್ಟಮ್‌ಡಿ-ರಿಸಾಲ್ವ್‌ಡ್ (ಹೆಸರು ಹುಡುಕಿಕೊಡುವ ಸೇವೆ) ಯಜಮಾನ. ಒಳಗೆ ನೇಮ್‌ಸರ್ವರ್ 127.0.0.53 ಅಂತ ಕಾಣುತ್ತದೆ. ಇದನ್ನು ಮೊದಲ ಸಲ ನೋಡಿದವರು ‘ನಮ್ಮ ಡಿಎನ್‌ಎಸ್ ಐಪಿ ಬದಲಾಗಿದೆ’ ಅಂತ ಗಾಬರಿಯಾಗುತ್ತಾರೆ. ಬದಲಾಗಿಲ್ಲ. ಅದು ಅದೇ ಯಂತ್ರದೊಳಗೆ ಕೂತ ಮಧ್ಯವರ್ತಿಯ ವಿಳಾಸ. ನಿಜವಾದ ಡಿಎನ್‌ಎಸ್ ಐಪಿಗಳು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟರೆ ಕಾಣುತ್ತವೆ. ‘ರನ್’ ಕೆಳಗಿನ ರಿಸಾಲ್ವ್‌ಕಾನ್ಫ್ ಫೋಲ್ಡರಿಗೆ ಲಿಂಕ್ ಇದ್ದರೆ ಹಳೇ ರಿಸಾಲ್ವ್‌ಕಾನ್ಫ್ ಪ್ಯಾಕೇಜಿನ ಕೆಲಸ. ಮಾಮೂಲಿ ಫೈಲ್ ಆಗಿದ್ದು, ಮೊದಲ ಸಾಲಿನಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ತನ್ನ ಹೆಸರು ಹಾಕಿಕೊಂಡಿದ್ದರೆ ಅದೇ ಬರೆದದ್ದು. ಯಾವ ಟಿಪ್ಪಣಿಯೂ ಇಲ್ಲದ ಮಾಮೂಲಿ ಫೈಲ್ ಅಂದರೆ ಡಿಎಚ್‌ಕ್ಲೈಂಟ್ (ನೆಟ್‌ವರ್ಕಿನಿಂದ ಐಪಿ ಪಡೆಯುವ ಹಳೇ ಪ್ರೋಗ್ರಾಂ) ಇರಬಹುದು, ಅಥವಾ ಯಾವುದೋ ಕಾಲದಲ್ಲಿ ಯಾರೋ ಕೈಯಿಂದ ಬರೆದದ್ದು.

ಲಿಂಕ್ ಇದೆ, ಆದರೆ ಅದು ತೋರಿಸುವ ಫೈಲೇ ಇಲ್ಲ, ಅಂತಲೂ ಆಗುತ್ತದೆ. ಡೆಬಿಯನ್ 11 ರಿಂದ 12ಕ್ಕೆ ಹೋಗುವಾಗ ಇದು ನಿಜಕ್ಕೂ ಸಿಗುವ ಗುಂಡಿ. 12ರಲ್ಲಿ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಬೇರೆ ಪ್ಯಾಕೇಜ್ ಆಯಿತು, ಅಪ್‌ಗ್ರೇಡ್ ಮಾಡಿದಾಗ ಅದು ತಾನಾಗಿ ಬರುವುದಿಲ್ಲ. ಮೊದಲು ಅದನ್ನೇ ನಂಬಿದ್ದ ಸರ್ವರಿನಲ್ಲಿ ಹೆಸರು ಹುಡುಕುವುದೇ ನಿಲ್ಲುತ್ತದೆ. ಡಿಎನ್‌ಎಸ್ ಇಲ್ಲದೆ ಪ್ಯಾಕೇಜ್ ಇಳಿಸಲೂ ಆಗುವುದಿಲ್ಲ ಅನ್ನುವುದು ಇದರ ತಮಾಷೆ. ಲಿಂಕ್ ತೆಗೆದು, ತಾತ್ಕಾಲಿಕವಾಗಿ ಒಂದು ನೇಮ್‌ಸರ್ವರ್ ಸಾಲಿನ ಫೈಲ್ ಇಟ್ಟು, ಪ್ಯಾಕೇಜ್ ಹಾಕಿಕೊಂಡು, ಲಿಂಕ್ ವಾಪಸ್ ಸರಿಯಾಗಿದೆಯಾ ನೋಡಿ.

ಇಲ್ಲಿ ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಫೈಲ್ ಬದಲಾಗದಿರಲಿ ಅಂತ ‘ಚಾಟರ್ +ಐ’ ಹಾಕಿ ಬೀಗ ಜಡಿಯುವವರಿದ್ದಾರೆ. ಎರಡು ವರ್ಷ ಆದಮೇಲೆ ಬೇರೆ ಯಾರೋ ಡಿಎನ್‌ಎಸ್ ಐಪಿ ಬದಲಿಸಿದಾಗ ಈ ಸರ್ವರ್ ಮಾತ್ರ ಹಳೇ ಐಪಿ ಹಿಡಿದುಕೊಂಡು ಕೂತಿರುತ್ತದೆ. ರೂಟ್ ಆಗಿದ್ದರೂ ಫೈಲ್ ತಿದ್ದಲು ಬಿಡದಿದ್ದರೆ ‘ಎಲ್‌ಎಸ್‌ಆಟರ್’ ಕೊಟ್ಟು ನೋಡಿ, ಬೀಗ ಕಾಣುತ್ತದೆ.

ಆ ಒಂದು ಚುಕ್ಕೆ

ನನ್ನ ಸರ್ವರಿಗೆ ವಾಪಸ್ ಬರೋಣ. ಲಿಂಕ್ ಸರಿಯಾಗಿತ್ತು. ಯಜಮಾನ ಸಿಸ್ಟಮ್‌ಡಿ-ರಿಸಾಲ್ವ್‌ಡ್. ಫೈಲಿನ ಕೊನೆಗೆ ಹೀಗೊಂದು ಸಾಲಿತ್ತು: ‘ಸರ್ಚ್’, ಅದರ ಮುಂದೆ ಒಂದು ಜಾಗ ಬಿಟ್ಟು ಒಂದೇ ಒಂದು ಚುಕ್ಕೆ. ಮೊದಲ ಸಲ ನೋಡಿದಾಗ ಪರದೆಯ ಮೇಲಿನ ಧೂಳು ಅಂದುಕೊಂಡಿದ್ದೆ, ಸುಳ್ಳಲ್ಲ.

ಪಕ್ಕದಲ್ಲಿ ಇನ್ನೂ ಅಪ್‌ಗ್ರೇಡ್ ಆಗದ 20.04ರ ಸರ್ವರ್ ಇತ್ತು. ಅದರ ಫೈಲಿನಲ್ಲಿ ಸರ್ಚ್ ಸಾಲೇ ಇಲ್ಲ. ಎರಡರ ನೆಟ್‌ಪ್ಲಾನ್ ಫೈಲಿನಲ್ಲೂ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಫೈಲ್) ಡಿಎನ್‌ಎಸ್ ಐಪಿ ಇದೆ, ಸರ್ಚ್ ಇಲ್ಲ. ಹಾಗಾದರೆ ಹಳೆಯದರಲ್ಲಿ ಚಿಕ್ಕ ಹೆಸರು ಹೇಗೆ ಸಿಗುತ್ತಿದೆ?

ವಿಷಯ ಇಷ್ಟು. ರಿಸಾಲ್ವ್.ಕಾನ್ಫ್‌ನಲ್ಲಿ ಸರ್ಚ್ ಸಾಲು ಇಲ್ಲದಿದ್ದರೆ ಜಿಲಿಬ್‌ಸಿ (ಪ್ರೋಗ್ರಾಂಗಳು ಹೆಸರು ಹುಡುಕಲು ಬಳಸುವ ಲೈಬ್ರರಿ) ಸುಮ್ನೆ ಬಿಡುವುದಿಲ್ಲ. ಹೋಸ್ಟ್‌ನೇಮ್ ತೆಗೆದುಕೊಂಡು, ಮೊದಲ ಚುಕ್ಕೆಯ ನಂತರದ ಭಾಗವನ್ನೇ ಡೊಮೈನ್ ಅಂತ ಊಹಿಸುತ್ತದೆ. ನನ್ನ ಸರ್ವರಿನ ಹೋಸ್ಟ್‌ನೇಮ್ ‘ವೆಬ್1.ಎಕ್ಸಾಂಪಲ್.ಕಾಮ್’ ಅಂತ ಪೂರ್ತಿಯಾಗಿಯೇ ಇತ್ತು. ಹಾಗಾಗಿ ‘ಎಕ್ಸಾಂಪಲ್.ಕಾಮ್’ ತಾನಾಗಿ ಸೇರಿಕೊಳ್ಳುತ್ತಿತ್ತು. ಹೊಸ ಸಿಸ್ಟಮ್‌ಡಿ ಈ ಊಹೆಯನ್ನು ನಿಲ್ಲಿಸಲೆಂದೇ ಆ ಚುಕ್ಕೆ ಬರೆಯುತ್ತದೆ. ‘ಸರ್ಚ್ ಡೊಮೈನ್ ಕೊಟ್ಟಿಲ್ಲ ಅಂದರೆ ಇಲ್ಲ ಅಂತಲೇ ಅರ್ಥ, ನೀನು ಊಹಿಸಬೇಡ’ ಅನ್ನುವ ಮಾತು ಅದು. ತಪ್ಪು ನನ್ನದೇ. ಮೊದಲ ದಿನವೇ ಬರೆಯಬೇಕಿದ್ದ ಸಾಲನ್ನು ಬರೆಯದೆ, ಜಿಲಿಬ್‌ಸಿಯ ಊಹೆಯ ಮೇಲೆ ಬ್ಯಾಕಪ್ ನಡೆಸುತ್ತಿದ್ದೆ.

ಇದೇ ಊಹೆ ಇನ್ನೊಂದು ರೀತಿಯಲ್ಲೂ ಕೈಕೊಡುತ್ತದೆ. ಸರ್ಚ್ ಸಾಲಿಲ್ಲದ ಯಂತ್ರದಲ್ಲಿ ಹೋಸ್ಟ್‌ನೇಮ್ ಬದಲಾಗಿ ಬರೀ ‘ವೆಬ್1’ ಆಯಿತು ಅಂದುಕೊಳ್ಳಿ. ರಿಸಾಲ್ವ್.ಕಾನ್ಫ್ ಒಂದಕ್ಷರ ಬದಲಾಗಿಲ್ಲ, ಆದರೂ ಡೊಮೈನ್ ಹೋಗಿರುತ್ತದೆ. ಕ್ಲೌಡ್ ಯಂತ್ರಗಳಲ್ಲಿ ಕ್ಲೌಡ್-ಇನಿಟ್ (ಬೂಟ್ ಆಗುವಾಗ ಯಂತ್ರವನ್ನು ಸಜ್ಜುಗೊಳಿಸುವ ಪ್ರೋಗ್ರಾಂ) ಹೀಗೆ ಹೆಸರು ಬದಲಿಸಬಹುದು. ಅದರ ಸಂರಚನೆಯಲ್ಲಿ ‘ಪ್ರಿಸರ್ವ್_ಹೋಸ್ಟ್‌ನೇಮ್’ ಅನ್ನು ‘ಟ್ರೂ’ ಮಾಡಿದರೆ ಹೆಸರಿನ ತಂಟೆಗೆ ಬರುವುದಿಲ್ಲ.

ಪರಿಹಾರ ಸಣ್ಣದು. ನೆಟ್‌ಪ್ಲಾನ್ ಫೈಲಿನಲ್ಲಿ ಆ ಇಂಟರ್‌ಫೇಸಿನ ‘ನೇಮ್‌ಸರ್ವರ್ಸ್’ ಕೆಳಗೆ, ‘ಅಡ್ರೆಸಸ್’ ಪಕ್ಕಕ್ಕೆ ಸಮನಾಗಿ, ‘ಸರ್ಚ್’ ಅಂತ ಬರೆದು ಚೌಕ ಆವರಣದಲ್ಲಿ ಡೊಮೈನ್ ಕೊಡಿ. ಯಾಮಲ್ ಫೈಲ್ ಆದ್ದರಿಂದ ಸ್ಪೇಸ್ ಮಾತ್ರ ಬಳಸಬೇಕು, ಟ್ಯಾಬ್ ಒತ್ತಿದರೆ ಓದುವುದೇ ಇಲ್ಲ. ಆಮೇಲೆ ‘ನೆಟ್‌ಪ್ಲಾನ್ ಟ್ರೈ’ ಕೊಡಿ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತಿದ್ದರೆ ಇದು ಪ್ರಾಣ ಉಳಿಸುತ್ತದೆ. 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತದಿದ್ದರೆ ಹಳೇ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ. ಕೊನೆಗೆ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’. ಆ ಇಂಟರ್‌ಫೇಸಿನ ಕೆಳಗೆ ಮೊದಲು ಇಲ್ಲದಿದ್ದ ‘ಡಿಎನ್‌ಎಸ್ ಡೊಮೈನ್’ ಸಾಲು ಈಗ ಕಾಣಬೇಕು.

ತಿದ್ದುವ ಫೈಲಿನ ಹೆಸರು ‘50-ಕ್ಲೌಡ್-ಇನಿಟ್’ ಅಂತ ಶುರುವಾಗಿದ್ದರೆ ಸ್ವಲ್ಪ ತಡೆಯಿರಿ. ಅದರ ತಲೆಯ ಟಿಪ್ಪಣಿ ಓದಿ. ಅದನ್ನು ಬರೆಯುವುದು ಕ್ಲೌಡ್-ಇನಿಟ್, ನಿಮ್ಮ ತಿದ್ದುಪಡಿ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಕ್ಲೌಡ್-ಇನಿಟ್‌ಗೆ ನೆಟ್‌ವರ್ಕ್ ಮುಟ್ಟಬೇಡ ಅಂತ ಹೇಳಿ, ಬೇರೆ ಫೈಲಿನಲ್ಲಿ ಬರೆಯುವುದು ಸರಿ.

ಡಿಎಚ್‌ಸಿಪಿ ಕೊಡುತ್ತಿದೆ, ಸರ್ವರ್ ತೆಗೆದುಕೊಳ್ಳುತ್ತಿಲ್ಲ

ಡೊಮೈನ್ ಹೆಸರು ಡಿಎಚ್‌ಸಿಪಿಯಿಂದ (ಯಂತ್ರಗಳಿಗೆ ಐಪಿ ಹಂಚುವ ವ್ಯವಸ್ಥೆ) ಬರುತ್ತಿದ್ದರೆ ದಾರಿ ಬೇರೆ. ಡಿಎಚ್‌ಸಿಪಿಯಲ್ಲಿ 15ನೇ ಆಪ್ಷನ್ ಡೊಮೈನ್ ಹೆಸರು, 119ನೆಯದು ಸರ್ಚ್ ಪಟ್ಟಿ. ಹಳೇ ಡಿಎಚ್‌ಕ್ಲೈಂಟ್ ಬಂದದ್ದನ್ನು ಹಾಗೇ ಬರೆದುಕೊಳ್ಳುತ್ತಿತ್ತು. ಸರ್ವರುಗಳಲ್ಲಿ ನೆಟ್‌ಪ್ಲಾನ್ ಹಿಂದೆ ಕೆಲಸ ಮಾಡುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡ್ ಹಾಗೆ ಮಾಡುವುದಿಲ್ಲ. ಅದರ ‘ಯೂಸ್‌ಡೊಮೈನ್ಸ್’ ಆಯ್ಕೆ ಮೂಲದಲ್ಲಿ ‘ನೋ’ ಆಗಿರುತ್ತದೆ. ಹೊರಗಿನ ಯಾರೋ ಕೊಟ್ಟ ಡೊಮೈನನ್ನು ಕಣ್ಣುಮುಚ್ಚಿ ಸೇರಿಸಿಕೊಂಡರೆ ನಿಮ್ಮ ಚಿಕ್ಕ ಹೆಸರುಗಳು ಅವರು ಹೇಳಿದ ಕಡೆಗೆ ಹೋಗುತ್ತವಲ್ಲ, ಅದಕ್ಕೇ ಈ ಎಚ್ಚರ. ಒಪ್ಪುವಂಥದ್ದೇ.

ಆದರೆ ಅಪ್‌ಗ್ರೇಡ್ ನೆಪದಲ್ಲಿ ಹಳೇ ನೆಟ್‌ವರ್ಕ್ ವ್ಯವಸ್ಥೆಯಾದ ಇಫ್‌ಅಪ್‌ಡೌನ್ ಬಿಟ್ಟು ನೆಟ್‌ಪ್ಲಾನ್‌ಗೆ ಬಂದವರಿಗೆ ಮಾತ್ರ ಡೊಮೈನ್ ಹೇಳದೆ ಕೇಳದೆ ಹೋಗುತ್ತದೆ. ನಿಮ್ಮದೇ ಡಿಎಚ್‌ಸಿಪಿ ಸರ್ವರ್ ಆಗಿದ್ದು ನಂಬಿಕೆ ಇದ್ದರೆ, ನೆಟ್‌ಪ್ಲಾನ್‌ನ ‘ಡಿಎಚ್‌ಸಿಪಿ4-ಓವರ್‌ರೈಡ್ಸ್’ ಕೆಳಗೆ ‘ಯೂಸ್-ಡೊಮೈನ್ಸ್’ ಅನ್ನು ‘ಟ್ರೂ’ ಮಾಡಿ.

ಜೊತೆಗೆ ಐಪಿಯೂ ಬದಲಾಗಿದೆಯಾ? ಅದಕ್ಕೂ ಕಾರಣ ಇಲ್ಲೇ ಇರಬಹುದು. ನೆಟ್‌ವರ್ಕ್‌ಡ್ ತನ್ನ ಗುರುತಾಗಿ ಮ್ಯಾಕ್ ವಿಳಾಸದ ಬದಲು ಬೇರೆ ಐಡಿ ಕಳಿಸುತ್ತದೆ. ಕೆಲವು ಡಿಎಚ್‌ಸಿಪಿ ಸರ್ವರುಗಳು ಇದನ್ನು ಹೊಸ ಯಂತ್ರ ಅಂದುಕೊಂಡು ಬೇರೆ ಐಪಿ ಕೊಡುತ್ತವೆ. ‘ಡಿಎಚ್‌ಸಿಪಿ-ಐಡೆಂಟಿಫೈಯರ್’ ಅನ್ನು ‘ಮ್ಯಾಕ್’ ಮಾಡಿದರೆ ಹಳೇ ಲೆಕ್ಕಕ್ಕೆ ಬರುತ್ತದೆ.

ಇಫ್‌ಅಪ್‌ಡೌನ್‌ನಲ್ಲೇ ಉಳಿದವರಿಗೂ ಒಂದು ಮಾತು. ‘ಇಂಟರ್‌ಫೇಸಸ್’ ಫೈಲಿನಲ್ಲಿರುವ ‘ಡಿಎನ್‌ಎಸ್-ಸರ್ಚ್’ ಸಾಲನ್ನು ಇಫ್‌ಅಪ್‌ಡೌನ್ ತಾನೇ ಬಳಸುವುದಿಲ್ಲ. ರಿಸಾಲ್ವ್‌ಕಾನ್ಫ್ ಪ್ಯಾಕೇಜಿನ ಸ್ಕ್ರಿಪ್ಟ್ ಅದನ್ನು ಓದುತ್ತಿತ್ತು. ಆ ಪ್ಯಾಕೇಜ್ ಅಪ್‌ಗ್ರೇಡ್‌ನಲ್ಲಿ ಹೋಗಿದ್ದರೆ ಸಾಲು ಅಲ್ಲೇ ಇರುತ್ತದೆ, ಓದುವವರು ಇರುವುದಿಲ್ಲ. ಎರರ್ ಕೂಡ ಬರುವುದಿಲ್ಲ.

ರೆಡ್ ಹ್ಯಾಟ್ ಕಡೆಯೂ ಇಂಥದ್ದೇ ಕಥೆ. 9ನೇ ಆವೃತ್ತಿಯಲ್ಲಿ ಹಳೇ ನೆಟ್‌ವರ್ಕ್-ಸ್ಕ್ರಿಪ್ಟ್ಸ್ ಇಲ್ಲ, ಎಲ್ಲವೂ ನೆಟ್‌ವರ್ಕ್‌ಮ್ಯಾನೇಜರ್. ಹೊಸ ಪ್ರೊಫೈಲುಗಳು ‘ಸಿಸ್ಟಮ್-ಕನೆಕ್ಷನ್ಸ್’ ಫೋಲ್ಡರಿಗೆ ಹೋಗುತ್ತವೆ. ಹಳೇ ಐಎಫ್‌ಸಿಎಫ್‌ಜಿ ಫೈಲ್ ಒಂದು, ಹೊಸ ಪ್ರೊಫೈಲ್ ಒಂದು, ಒಂದೇ ಕಾರ್ಡಿಗೆ ಎರಡೂ ಇದ್ದರೆ ಯಾವುದು ಚಾಲ್ತಿಯಲ್ಲಿದೆ ಅಂತ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ’ ಕೊಟ್ಟು ನೋಡಿ. ಚಾಲ್ತಿಯಲ್ಲಿರುವ ಪ್ರೊಫೈಲಿಗೇ ‘ಐಪಿವಿ4.ಡಿಎನ್‌ಎಸ್-ಸರ್ಚ್’ ಕೊಟ್ಟು, ಕನೆಕ್ಷನ್ ಒಮ್ಮೆ ‘ಅಪ್’ ಮಾಡಿ.

ಡೊಮೈನ್ ‘.ಲೋಕಲ್’ ಅಂತ ಮುಗಿಯುತ್ತಿದ್ದರೆ

ಹಾಗಿದ್ದರೆ ಮೇಲಿನದೆಲ್ಲ ಬಿಟ್ಟು ಮೊದಲು ಇದನ್ನೇ ನೋಡಿ. ‘ಆಫೀಸ್.ಲೋಕಲ್’ ಥರದ ಹೆಸರುಗಳನ್ನು ಒಂದು ಕಾಲದಲ್ಲಿ ಧಾರಾಳವಾಗಿ ಇಡುತ್ತಿದ್ದರು. 2013ರಲ್ಲಿ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ಮಾನದಂಡ ಬಂದು ‘.ಲೋಕಲ್’ ಅನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಿಟ್ಟಿತು. ಅಂದರೆ ಡಿಎನ್‌ಎಸ್ ಸರ್ವರನ್ನು ಕೇಳುವ ಬದಲು, ಅದೇ ನೆಟ್‌ವರ್ಕಿನಲ್ಲಿ ‘ಈ ಹೆಸರಿನವರು ಯಾರು’ ಅಂತ ಕೂಗಿ ಕೇಳುವುದು.

ಅಪ್‌ಗ್ರೇಡ್ ಜೊತೆ ಅವಾಹಿ (ಮಲ್ಟಿಕಾಸ್ಟ್ ಡಿಎನ್‌ಎಸ್ ನಡೆಸುವ ಪ್ರೋಗ್ರಾಂ) ಅಥವಾ ಅದರ ಎನ್‌ಎಸ್‌ಎಸ್ ಮಾಡ್ಯೂಲ್ ಬಂದು ಸೇರಿಕೊಂಡರೆ ಎನ್‌ಎಸ್‌ಸ್ವಿಚ್.ಕಾನ್ಫ್‌ನ ‘ಹೋಸ್ಟ್ಸ್’ ಸಾಲಿನಲ್ಲಿ ‘ಎಂಡಿಎನ್‌ಎಸ್4_ಮಿನಿಮಲ್’ ಕಾಣುತ್ತದೆ. ಅದರ ಬೆನ್ನಿಗೇ ಚೌಕ ಆವರಣದಲ್ಲಿ ‘ನಾಟ್‌ಫೌಂಡ್=ರಿಟರ್ನ್’. ಕೂಗಿದಾಗ ಯಾರೂ ಓಗೊಡದಿದ್ದರೆ ಅಲ್ಲಿಗೇ ನಿಲ್ಲಿಸು, ಡಿಎನ್‌ಎಸ್ ವರೆಗೆ ಹೋಗಬೇಡ ಅಂತ ಅರ್ಥ. ಡಿಗ್‌ಗೆ ಸಿಗುತ್ತದೆ, ಗೆಟೆಂಟ್‌ಗೆ ಸಿಗುವುದಿಲ್ಲ ಅನ್ನುವ ಒಗಟಿನ ಉತ್ತರ ಬಹಳ ಸಲ ಈ ಆವರಣದೊಳಗೇ ಇರುತ್ತದೆ. ಸರ್ವರಿನಲ್ಲಿ ಮಲ್ಟಿಕಾಸ್ಟ್ ಬೇಡವಾದರೆ ಆ ಎರಡು ಪದ ತೆಗೆದುಬಿಡಿ. ಸಿಸ್ಟಮ್‌ಡಿ-ರಿಸಾಲ್ವ್‌ಡ್ ಇದ್ದಲ್ಲಿ ‘ಆಫೀಸ್.ಲೋಕಲ್’ ಅನ್ನು ಸರ್ಚ್ ಡೊಮೈನಾಗಿ ಸ್ಪಷ್ಟವಾಗಿ ಬರೆದರೆ ಆ ಹೆಸರುಗಳನ್ನು ಡಿಎನ್‌ಎಸ್‌ಗೆ ಕಳಿಸುತ್ತದೆ. ಹೊಸದಾಗಿ ಹೆಸರಿಡುವವರು ತಮ್ಮದೇ ನೋಂದಾಯಿತ ಡೊಮೈನಿನ ಕೆಳಗೆ ಒಂದು ಉಪಡೊಮೈನ್ ಇಟ್ಟುಕೊಳ್ಳಿ. ಒಳಬಳಕೆಗೆ ಅಂತಲೇ ‘.ಇಂಟರ್ನಲ್’ ಅನ್ನು ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ 2024ರಲ್ಲಿ ಮೀಸಲಿಟ್ಟಿದೆ, ಅದೂ ಆಗುತ್ತದೆ.

ವಿಂಡೋಸ್ ಸರ್ವರ್ ಆಗಿದ್ದರೆ

‘ಐಪಿಕಾನ್ಫಿಗ್ /ಆಲ್’ ಕೊಟ್ಟು ಮೇಲಿನ ನಾಲ್ಕೈದು ಸಾಲು ನೋಡಿ: ಪ್ರೈಮರಿ ಡಿಎನ್‌ಎಸ್ ಸಫಿಕ್ಸ್, ಸಫಿಕ್ಸ್ ಸರ್ಚ್ ಪಟ್ಟಿ. ಕೆಳಗೆ ಕಾರ್ಡಿನ ಐಪಿ 169.254 ಅಂತ ಶುರುವಾಗಿದ್ದರೆ ನಿಮ್ಮ ಸ್ಟ್ಯಾಟಿಕ್ ಐಪಿ ಹೋಗಿದೆ. ಅಪ್‌ಗ್ರೇಡ್‌ನಲ್ಲಿ ಡ್ರೈವರ್ ಬದಲಾದಾಗ ವಿಂಡೋಸ್ ಅದೇ ಕಾರ್ಡನ್ನು ಹೊಸದು ಅಂದುಕೊಳ್ಳುವುದುಂಟು. ಹಳೇ ಸೆಟ್ಟಿಂಗ್ ಕಾಣದ ಹಳೇ ಕಾರ್ಡಿನ ಹೆಸರಲ್ಲೇ ಉಳಿದಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಅಂದರೆ ಅದು ಮಸುಕಾಗಿ ಕಾಣುತ್ತದೆ. ತೆಗೆದುಹಾಕಿ, ಐಪಿ ಮತ್ತು ಡಿಎನ್‌ಎಸ್ ಮತ್ತೆ ಕೊಡಿ.

ಐಪಿ, ಡಿಎನ್‌ಎಸ್ ಎಲ್ಲ ಸರಿ ಇದ್ದೂ ಬೇರೆ ಯಂತ್ರಗಳಿಗೆ ಈ ಸರ್ವರ್ ಸಿಗುತ್ತಿಲ್ಲ ಅಂದರೆ ಪವರ್‌ಶೆಲ್‌ನಲ್ಲಿ ‘ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್’ ಕೊಡಿ. ನೆಟ್‌ವರ್ಕ್ ವರ್ಗ ‘ಡೊಮೈನ್‌ಆಥೆಂಟಿಕೇಟೆಡ್’ ಅಂತ ಇರಬೇಕು. ‘ಪಬ್ಲಿಕ್’ ಅಂತಿದ್ದರೆ ಫೈರ್‌ವಾಲ್ ಬಾಗಿಲು ಹಾಕಿಕೊಂಡಿದೆ. ವಿಂಡೋಸ್ ಸರ್ವರ್ 2025ರ ಡೊಮೈನ್ ಕಂಟ್ರೋಲರುಗಳು ರೀಬೂಟ್ ಆದಮೇಲೆ ಡೊಮೈನ್ ಪ್ರೊಫೈಲ್ ಹಿಡಿಯದಿರುವ ದೋಷವನ್ನು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡು 2025ರ ಜೂನ್ ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಆ ಅಪ್‌ಡೇಟ್ ಹಾಕದ ಯಂತ್ರದಲ್ಲಿ ‘ರಿಸ್ಟಾರ್ಟ್-ನೆಟ್‌ಅಡಾಪ್ಟರ್’ ಕೊಟ್ಟರೆ ಮುಂದಿನ ರೀಬೂಟ್ ತನಕ ನಡೆಯುತ್ತದೆ. ಸದಸ್ಯ ಸರ್ವರಿನಲ್ಲಿ ಡೊಮೈನ್ ನಂಟು ಗಟ್ಟಿಯಾಗಿದೆಯಾ ಅಂತ ನೋಡಲು ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್’ ಇದೆ. ಡೊಮೈನಿನಿಂದ ಹೊರಗೆ ತೆಗೆದು ಮತ್ತೆ ಸೇರಿಸುವ ಕೆಲಸಕ್ಕೆ ಆತುರ ಪಡಬೇಡಿ. ಬರೀ ಡಿಎನ್‌ಎಸ್ ತೊಂದರೆಗೆ ಅದನ್ನು ಮಾಡಿ, ಎರಡನೇ ತೊಂದರೆ ತಂದುಕೊಂಡವರೇ ಜಾಸ್ತಿ.

ಅಪ್‌ಗ್ರೇಡ್ ಬಿಟ್ಟುಹೋದ ಗುರುತುಗಳು

ಅಪ್‌ಗ್ರೇಡ್ ನಡುವೆ ‘ನಿಮ್ಮ ಫೈಲ್ ಇಟ್ಟುಕೊಳ್ಳಲಾ, ಹೊಸದು ಹಾಕಲಾ’ ಅಂತ ಕೇಳುತ್ತದಲ್ಲ, ಅಲ್ಲಿ ನಿದ್ದೆಗಣ್ಣಲ್ಲಿ ‘ವೈ’ ಒತ್ತಿದ್ದರೆ ಹೊಸದು ಬಂದಿರುತ್ತದೆ. ಹಳೆಯದು ಸತ್ತಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಅದೇ ಜಾಗದಲ್ಲಿ ‘.ಡಿಪಿಕೆಜಿ-ಓಲ್ಡ್’ ಬಾಲದೊಂದಿಗೆ ಇರುತ್ತದೆ, ರೆಡ್ ಹ್ಯಾಟ್ ಬಳಗದಲ್ಲಿ ‘.ಆರ್‌ಪಿಎಂಸೇವ್’. ನಿಮ್ಮದನ್ನೇ ಇಟ್ಟುಕೊಂಡಿದ್ದರೆ ಹೊಸದು ‘.ಡಿಪಿಕೆಜಿ-ಡಿಸ್ಟ್’ ಅಥವಾ ‘.ಆರ್‌ಪಿಎಂನ್ಯೂ’ ಆಗಿ ಪಕ್ಕದಲ್ಲಿ ಕೂತಿರುತ್ತದೆ. ‘ಇಟಿಸಿ’ ಫೋಲ್ಡರಿನಲ್ಲಿ ಈ ಬಾಲಗಳನ್ನು ಹುಡುಕಿ, ‘ಡಿಫ್’ ಹಾಕಿ. ಸಾಂಬಾ (ಫೈಲ್ ಹಂಚಿಕೆ), ಪೋಸ್ಟ್‌ಫಿಕ್ಸ್ (ಮೇಲ್), ಎನ್‌ಎಸ್‌ಸ್ವಿಚ್ ಮೂರನ್ನೂ ಬಿಡದೆ ನೋಡಿ. ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು ಅನ್ನುವುದು ಏಪಿಟಿಯ ಹಿಸ್ಟರಿ ಲಾಗ್‌ನಲ್ಲಿರುತ್ತದೆ.

‘ಹೋಸ್ಟ್‌ನೇಮ್ -ಎಫ್’ ಚಿಕ್ಕ ಹೆಸರನ್ನಷ್ಟೇ ಕೊಡುತ್ತಿದ್ದರೆ ಹೋಸ್ಟ್ಸ್ ಫೈಲಿನಲ್ಲಿ ಸರ್ವರಿನ ಸಾಲು ನೋಡಿ. ಐಪಿಯ ನಂತರ ಮೊದಲು ಪೂರ್ತಿ ಹೆಸರು, ಆಮೇಲೆ ಚಿಕ್ಕದು ಬರಬೇಕು. ತಿರುಗುಮುರುಗಾದರೆ ಪೋಸ್ಟ್‌ಫಿಕ್ಸ್‌ನಿಂದ ಹಿಡಿದು ಕರ್ಬೆರೋಸ್ ತನಕ ಎಲ್ಲಕ್ಕೂ ತಪ್ಪು ಹೆಸರು ಹೋಗಬಹುದು. ಪೋಸ್ಟ್‌ಫಿಕ್ಸ್‌ಗಂತೂ ‘ಮೈಹೋಸ್ಟ್‌ನೇಮ್’ ಅನ್ನು ಮೇನ್.ಸಿಎಫ್‌ನಲ್ಲಿ ನೇರವಾಗಿ ಬರೆದುಬಿಡಿ, ಊಹೆಗೆ ಬಿಡಬೇಡಿ. ಕರ್ಬೆರೋಸ್ ಲಾಗಿನ್ ಮಾತ್ರ ಬೀಳುತ್ತಿದ್ದರೆ ಗಡಿಯಾರವನ್ನೂ ನೋಡಿ. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಟಿಕೆಟ್ ಒಪ್ಪುವುದಿಲ್ಲ.

ನಾನು ಉಳಿದ ಸರ್ವರುಗಳನ್ನು ಏರಿಸುವ ಮೊದಲು ಪ್ರತಿಯೊಂದರಲ್ಲೂ ನಾಲ್ಕು ಕಮಾಂಡುಗಳ ಉತ್ತರವನ್ನು ಒಂದು ಫೈಲಿಗೆ ತುಂಬಿಟ್ಟೆ: ‘ಹೋಸ್ಟ್‌ನೇಮ್ -ಎಫ್’, ರಿಸಾಲ್ವ್.ಕಾನ್ಫ್‌ನ ‘ಎಲ್‌ಎಸ್ -ಎಲ್’, ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’, ಮತ್ತೆ ಸ್ಕ್ರಿಪ್ಟುಗಳಲ್ಲಿ ಬರುವ ಪ್ರತಿ ಚಿಕ್ಕ ಹೆಸರಿಗೂ ಒಂದೊಂದು ‘ಗೆಟೆಂಟ್ ಹೋಸ್ಟ್ಸ್’. ಅಪ್‌ಗ್ರೇಡ್ ಆಗಿ, ಎರಡು ಸಲ ರೀಬೂಟ್ ಮಾಡಿ, ಮತ್ತೆ ಅದೇ ನಾಲ್ಕನ್ನು ಓಡಿಸಿ ‘ಡಿಫ್’ ಹಾಕಿದೆ. ಮೂರು ಸರ್ವರುಗಳಲ್ಲಿ ಅದೇ ಚುಕ್ಕೆ ಸಿಕ್ಕಿತು. ಈ ಸಲ ರಾತ್ರಿ ಬ್ಯಾಕಪ್ ಓಡುವ ಮೊದಲೇ.